ಜಾಗ್ವಾರ್ ಕೊಳ್ಳಬೇಕೇ, ಇಟ್ಟುಕೊಳ್ಳಬೇಕೇ, ಮಾರಬೇಕೇ: ಕುಗ್ಗುತ್ತಿರುವ ಐಷಾರಾಮಿ ಬ್ರ್ಯಾಂಡನ್ನು ಅಳೆಯುವ ಬಗೆ

2024ರ ನವೆಂಬರ್‌ನಲ್ಲಿ ಜಾಗ್ವಾರ್ ತನ್ನ ತವರಾದ ಬ್ರಿಟನ್ನಿನಲ್ಲಿ ಹೊಸ ಕಾರುಗಳ ಮಾರಾಟವನ್ನು ನಿಲ್ಲಿಸಿತು. ಎಕ್ಸ್‌ಇ, ಎಕ್ಸ್‌ಎಫ್ ಮತ್ತು ಎಫ್-ಟೈಪ್ ಕಾರುಗಳ ತಯಾರಿಕೆ ಅದೇ ವರ್ಷ ಮುಗಿದಿತ್ತು. ಅವುಗಳ ಜಾಗಕ್ಕೆ ಬರಬೇಕಾಗಿದ್ದ ವಿದ್ಯುತ್ ಕಾರು ಇನ್ನೂ ಸಿದ್ಧವಾಗಿರಲಿಲ್ಲ. ಹೆಸರಾಂತ ಬ್ರ್ಯಾಂಡೊಂದು ತಾನಾಗಿಯೇ ಬಾಗಿಲು ಎಳೆದುಕೊಂಡು, ಮುಂದೆ ಬೇರೆಯದೇ ರೂಪದಲ್ಲಿ ಬರುತ್ತೇನೆಂದು ಹೇಳಿದ್ದು ಕಾರು ಉದ್ಯಮದಲ್ಲಿ ವಿರಳವಾದ ಸಂಗತಿ. ಅಂದಿನಿಂದ ಜಾಗ್ವಾರ್ ಇರುವವರು ಅದನ್ನು ಮಾರಿಬಿಡಬೇಕೇ ಎಂದೂ, ಇಲ್ಲದವರು ಇಳಿದಿರುವ ಬೆಲೆಗೆ ಒಂದನ್ನು ಕೊಳ್ಳಬಹುದೇ ಎಂದೂ ಯೋಚಿಸುತ್ತಿದ್ದಾರೆ. ಈ ಬರಹ ಅಂಥವರಿಗಾಗಿ. ಬ್ರ್ಯಾಂಡಿನ ಸ್ಥಿತಿಯನ್ನು ಅಳೆಯುವುದು ಹೇಗೆ, ಆ ಅಳತೆಯಿಂದ ನಿಮ್ಮ ಕಾರಿನ ಬಗ್ಗೆ ನಿರ್ಧಾರಕ್ಕೆ ಬರುವುದು ಹೇಗೆ ಎಂಬುದನ್ನು ಜಾಗ್ವಾರ್‌ನ ಉದಾಹರಣೆಯಿಂದಲೇ ಇಲ್ಲಿ ವಿವರಿಸಿದ್ದೇನೆ.

ಮೊದಲು ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ. ಬ್ರ್ಯಾಂಡ್ ಉಳಿಯುತ್ತದೆಯೇ? ಅದರ ಒಡೆತನದ ಕಂಪನಿ ಉಳಿಯುತ್ತದೆಯೇ? ನಿಮ್ಮ ಕಾರು ರಸ್ತೆಯ ಮೇಲೆ ಉಳಿಯುತ್ತದೆಯೇ? ಸುದ್ದಿಗಳಲ್ಲಿ ಈ ಮೂರೂ ಒಂದೇ ಎಂಬಂತೆ ಬೆರೆತಿರುತ್ತವೆ, ಆದರೆ ಇವುಗಳ ಉತ್ತರಗಳು ಒಂದಕ್ಕೊಂದು ತಾಳೆಯಾಗಬೇಕೆಂದಿಲ್ಲ. ಬ್ರ್ಯಾಂಡ್ ಮುಳುಗಿದ ಮೇಲೂ ಅದರ ಕಾರುಗಳು ದಶಕಗಳ ಕಾಲ ಓಡಿರುವುದುಂಟು. ಬ್ರ್ಯಾಂಡ್ ಉಳಿದರೂ ಅದರ ಒಂದು ನಿರ್ದಿಷ್ಟ ಮಾದರಿಗೆ ಬಿಡಿಭಾಗ ಸಿಗದಂತಾಗುವುದೂ ಉಂಟು. ಕೊಳ್ಳುವವರಿಗೆ ಮೂರನೆಯ ಪ್ರಶ್ನೆಯೇ ಮುಖ್ಯವೆಂದು ನಾನು ನಂಬುತ್ತೇನೆ. ಆದರೂ ಮೊದಲೆರಡಕ್ಕೆ ಉತ್ತರ ಹುಡುಕದೆ ಅಲ್ಲಿಗೆ ತಲುಪಲಾಗದು.

ಮಾರಾಟದ ಅಂಕಿಗಳನ್ನು ಓದುವ ಕ್ರಮ

2025ರ ಏಪ್ರಿಲ್‌ನಲ್ಲಿ ಯುರೋಪಿನಾದ್ಯಂತ ನೋಂದಣಿಯಾದ ಜಾಗ್ವಾರ್ ಕಾರುಗಳು 49 ಮಾತ್ರ. ಹಿಂದಿನ ವರ್ಷದ ಅದೇ ತಿಂಗಳಿನಲ್ಲಿ ಅವು 1,961 ಇದ್ದವು. ಶೇ 97.5ರಷ್ಟು ಕುಸಿತವೆಂದು ಈ ಅಂಕಿ ಜಗತ್ತೆಲ್ಲ ಸುತ್ತಿತು. ಕೆಲವು ತಿಂಗಳ ಹಿಂದೆ ಬಿಡುಗಡೆಯಾಗಿದ್ದ ಹೊಸ ಲಾಂಛನ ಮತ್ತು ಕಾರೇ ಇಲ್ಲದ ಜಾಹೀರಾತಿನಿಂದ ಜನ ಸಿಟ್ಟಾಗಿ ಕೊಳ್ಳುವುದನ್ನು ಬಿಟ್ಟರೆಂದು ಅನೇಕರು ಇದಕ್ಕೆ ಅರ್ಥ ಹಚ್ಚಿದರು. ಆ ಜಾಹೀರಾತು ನನಗೂ ಹಿಡಿಸಲಿಲ್ಲ, ಆದರೆ ಆ ಅರ್ಥ ಸರಿಯಲ್ಲ. ಬಹುತೇಕ ಮಾದರಿಗಳ ತಯಾರಿಕೆ ನಿಂತಿದ್ದ, ಡೀಲರುಗಳ ಬಳಿ ದಾಸ್ತಾನು ಮುಗಿಯುತ್ತ ಬಂದಿದ್ದ ಬ್ರ್ಯಾಂಡಿಗೆ ಯುರೋಪಿನಲ್ಲಿ ಮಾರಲು ಕಾರುಗಳೇ ಹೆಚ್ಚುಕಡಿಮೆ ಇರಲಿಲ್ಲ. ಇಂಥ ಅಂಕಿ ಕಂಡಾಗಲೆಲ್ಲ ಆ ತಿಂಗಳಲ್ಲಿ ಮಾರಲು ಎಷ್ಟು ಮಾದರಿಗಳಿದ್ದವು, ಕಾರ್ಖಾನೆ ನಡೆಯುತ್ತಿತ್ತೇ ಎಂಬುದನ್ನು ಮೊದಲು ನೋಡಿಕೊಳ್ಳಿ.

ಒಂದು ತಿಂಗಳ ಅಂಕಿಯ ಬದಲು ಏಳೆಂಟು ವರ್ಷಗಳ ಸಾಲನ್ನು ನೋಡಬೇಕು. ಜಾಗ್ವಾರ್ ಮತ್ತು ಲ್ಯಾಂಡ್ ರೋವರ್‌ಗಳ ಒಡೆತನ ಹೊಂದಿರುವ ಜೆಎಲ್‌ಆರ್ ಕಂಪನಿ ಪ್ರತಿ ಮೂರು ತಿಂಗಳಿಗೊಮ್ಮೆ ಮಾರಾಟದ ವಿವರ ಪ್ರಕಟಿಸುತ್ತದೆ. ಅದರಲ್ಲಿ ರೇಂಜ್ ರೋವರ್, ಡಿಫೆಂಡರ್, ಡಿಸ್ಕವರಿ ಮತ್ತು ಜಾಗ್ವಾರ್‌ಗಳ ಲೆಕ್ಕ ಬೇರೆ ಬೇರೆಯಾಗಿ ಸಿಗುತ್ತದೆ. 2018-19ರ ಹಣಕಾಸು ವರ್ಷದಲ್ಲಿ ಸುಮಾರು 1.8 ಲಕ್ಷ ಜಾಗ್ವಾರ್ ಕಾರುಗಳು ಮಾರಾಟವಾಗಿದ್ದವು. 2024-25ರಲ್ಲಿ ಆ ಸಂಖ್ಯೆ ಸುಮಾರು 27 ಸಾವಿರಕ್ಕೆ ಇಳಿದಿತ್ತು. ಈ ಇಳಿತದ ಬಹುಭಾಗ ಹೊಸ ಲಾಂಛನ ಬರುವುದಕ್ಕೆ ಮೊದಲೇ ಆಗಿಹೋಗಿತ್ತು ಎಂಬುದನ್ನು ಗಮನಿಸಿದರೆ ಕಾರಣವನ್ನು ಎಲ್ಲಿ ಹುಡುಕಬೇಕೆಂಬುದು ತಿಳಿಯುತ್ತದೆ. ಇನ್ನೊಂದು ಎಚ್ಚರಿಕೆಯೂ ಬೇಕು. ಕಂಪನಿಯಿಂದ ಡೀಲರಿಗೆ ಹೋದ ಕಾರುಗಳ ಲೆಕ್ಕ ಬೇರೆ, ಡೀಲರಿನಿಂದ ಗ್ರಾಹಕರಿಗೆ ತಲುಪಿದ ಕಾರುಗಳ ಲೆಕ್ಕ ಬೇರೆ. ಮೊದಲನೆಯದು ಎರಡನೆಯದಕ್ಕಿಂತ ಸತತವಾಗಿ ಹೆಚ್ಚಿದ್ದರೆ ಕಾರುಗಳು ಅಂಗಳದಲ್ಲಿ ನಿಂತು ಧೂಳು ಹಿಡಿಯುತ್ತಿವೆ ಎಂದೇ ತಿಳಿಯಬೇಕು.

ಒಡೆಯರ ಚರಿತ್ರೆಯಲ್ಲಿ ಕಾರಣ ಹುಡುಕುವುದು

ಅವನತಿಯ ಮೂಲ ಸಾಮಾನ್ಯವಾಗಿ ಕಣ್ಣಿಗೆ ಬೀಳುವ ಘಟನೆಗಿಂತ ಬಹಳ ಹಿಂದೆ ಇರುತ್ತದೆ. ಒಂದು ಹಾಳೆಯಲ್ಲಿ ಬ್ರ್ಯಾಂಡಿನ ಒಡೆಯರನ್ನು ಕಾಲಾನುಕ್ರಮದಲ್ಲಿ ಬರೆದು, ಪ್ರತಿಯೊಬ್ಬರ ಎದುರಿಗೆ ಅವರು ಆ ಬ್ರ್ಯಾಂಡಿನಿಂದ ಏನನ್ನು ಬಯಸಿದರು ಎಂಬುದನ್ನು ಒಂದೇ ವಾಕ್ಯದಲ್ಲಿ ದಾಖಲಿಸಿ. ಜಾಗ್ವಾರ್‌ನ ಮಟ್ಟಿಗೆ ಈ ಅಭ್ಯಾಸ ಬಹಳ ಫಲ ಕೊಡುತ್ತದೆ.

ವಿಲಿಯಂ ಲೈಯನ್ಸ್ ಮತ್ತು ವಿಲಿಯಂ ವಾಮ್ಸ್ಲಿ 1922ರಲ್ಲಿ ಬ್ಲ್ಯಾಕ್‌ಪೂಲ್‌ನಲ್ಲಿ ಮೋಟರ್ ಸೈಕಲ್‌ಗಳ ಸೈಡ್‌ಕಾರ್ ತಯಾರಿಸುವ ಸಂಸ್ಥೆಯೊಂದನ್ನು ತೆರೆದರು. ಅದು ಮುಂದೆ ಕೊವೆಂಟ್ರಿಗೆ ಬಂದು ಕಾರು ತಯಾರಿಕೆಗೆ ಇಳಿಯಿತು. ಜಾಗ್ವಾರ್ ಎಂಬುದು 1935ರಲ್ಲಿ ಒಂದು ಮಾದರಿಯ ಹೆಸರಾಗಿ ಬಂದು, 1945ರಲ್ಲಿ ಕಂಪನಿಯ ಹೆಸರೇ ಆಯಿತು. ಲೈಯನ್ಸ್ ಅವರ ಸೂತ್ರ ಸರಳವಾಗಿತ್ತು: ನೋಟದಲ್ಲೂ ವೇಗದಲ್ಲೂ ತನಗಿಂತ ಬಹಳ ದುಬಾರಿಯಾದ ಕಾರುಗಳಿಗೆ ಸರಿಸಾಟಿಯಾದ ಕಾರನ್ನು ಅವುಗಳಿಗಿಂತ ಗಣನೀಯವಾಗಿ ಕಡಿಮೆ ಬೆಲೆಗೆ ಕೊಡುವುದು. 1948ರ ಎಕ್ಸ್‌ಕೆ120, 1961ರಲ್ಲಿ ಜಿನೀವಾದಲ್ಲಿ ಅನಾವರಣಗೊಂಡ ಇ-ಟೈಪ್ ಎರಡೂ ಇದೇ ಸೂತ್ರದ ಫಲ. 1951ರಿಂದ 1957ರ ನಡುವೆ ಜಾಗ್ವಾರ್ ಕಾರುಗಳು ಲ ಮಾನ್ 24 ಗಂಟೆಗಳ ಓಟವನ್ನು ಐದು ಬಾರಿ ಗೆದ್ದವು. ಈ ಬ್ರ್ಯಾಂಡಿನ ಮೇಲೆ ಇಂದಿಗೂ ಜನರಿಗಿರುವ ಮೋಹದ ಬಹುಪಾಲು ಆ ದಶಕದಲ್ಲೇ ಸಂಪಾದನೆಯಾದದ್ದು.

1966ರಲ್ಲಿ ಜಾಗ್ವಾರ್ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನೊಂದಿಗೆ ಸೇರಿತು, 1968ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ಎಂಬ ಬೃಹತ್ ಕೂಟದ ಭಾಗವಾಯಿತು, 1975ರಲ್ಲಿ ಆ ಕೂಟದೊಂದಿಗೆ ಸರ್ಕಾರದ ಕೈಗೆ ಹೋಯಿತು. ಆ ವರ್ಷಗಳಲ್ಲಿ ಜೋಡಣೆಯ ಗುಣಮಟ್ಟ ಹಾಳಾಗಿ ಸಂಪಾದಿಸಿದ್ದ ವಿಶ್ವಾಸ ಕರಗಿತು. 1984ರಲ್ಲಿ ಮತ್ತೆ ಖಾಸಗಿ ಕಂಪನಿಯಾಗಿ ತುಸು ಚೇತರಿಸಿಕೊಂಡ ಜಾಗ್ವಾರ್‌ನ್ನು 1989ರಲ್ಲಿ ಫೋರ್ಡ್ ಸುಮಾರು 250 ಕೋಟಿ ಡಾಲರ್‌ಗೆ ಕೊಂಡಿತು. ಫೋರ್ಡ್ ಗುಣಮಟ್ಟವನ್ನು ಸುಧಾರಿಸಿದ್ದನ್ನು ಒಪ್ಪಲೇಬೇಕು. ಆದರೆ ಅದಕ್ಕೆ ಬೇಕಾಗಿದ್ದದ್ದು ಸಂಖ್ಯೆ. 2001ರಲ್ಲಿ ಬಂದ ಎಕ್ಸ್-ಟೈಪ್ ಫೋರ್ಡ್ ಮೊಂಡಿಯೊದ ತಳಹದಿಯ ಮೇಲೆ ನಿಂತ ಕಾರು. ವರ್ಷಕ್ಕೆ ಒಂದು ಲಕ್ಷ ಮಾರಬೇಕೆಂಬ ಗುರಿಯನ್ನು ಅದು ಎಂದೂ ಮುಟ್ಟಲಿಲ್ಲ. ಕಾರು ಕೆಟ್ಟದ್ದಾಗಿರಲಿಲ್ಲ, ಆದರೆ ಐಷಾರಾಮಿ ಬೆಲೆ ಕೊಟ್ಟು ಸಾಮಾನ್ಯ ಕಾರಿನ ಎಲುಬುಗೂಡನ್ನು ಕೊಳ್ಳುತ್ತಿದ್ದೇವೆಂಬ ಭಾವನೆ ಕೊಳ್ಳುವವರಲ್ಲಿ ಬಂದ ಮೇಲೆ ಅದನ್ನು ಅಳಿಸುವುದು ಸುಲಭವಲ್ಲ. ಅಮೆರಿಕದ ಪ್ಯಾಕರ್ಡ್‌ನ ಕಥೆಯೂ ಇದನ್ನೇ ಹೇಳುತ್ತದೆ. ಒಂದು ಕಾಲಕ್ಕೆ ಆ ದೇಶದ ಅತಿ ಪ್ರತಿಷ್ಠಿತ ಹೆಸರಾಗಿದ್ದ ಅದು 1954ರಲ್ಲಿ ಸಾಮಾನ್ಯ ಕಾರುಗಳ ಕಂಪನಿಯಾದ ಸ್ಟುಡ್‌ಬೇಕರ್‌ನೊಂದಿಗೆ ಸೇರಿತು. ಕೊನೆಯ ಎರಡು ವರ್ಷ ಸ್ಟುಡ್‌ಬೇಕರ್ ಕಾರುಗಳ ಮೇಲೆಯೇ ತನ್ನ ಹೆಸರು ಹೊತ್ತು, 1958ರಲ್ಲಿ ಮುಗಿದುಹೋಯಿತು.

2008ರಲ್ಲಿ ಟಾಟಾ ಮೋಟರ್ಸ್ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ ಸೇರಿಸಿ 230 ಕೋಟಿ ಡಾಲರ್‌ಗೆ ಕೊಂಡಿತು. ಹಣ ಹಾಕುವುದರಲ್ಲಿ ಟಾಟಾ ಹಿಂದೆ ಬೀಳಲಿಲ್ಲ. ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಹೊಸ ಎಂಜಿನ್ ಕಾರ್ಖಾನೆ ಎದ್ದಿತು. ಎಫ್-ಟೈಪ್, ಎಕ್ಸ್‌ಇ, ಎಫ್-ಪೇಸ್ ಕಾರುಗಳು ಬಂದವು. 2018ರಲ್ಲಿ ಬಂದ ಐ-ಪೇಸ್, ಜರ್ಮನಿಯ ಕಂಪನಿಗಳು ವಿದ್ಯುತ್ ಎಸ್‌ಯುವಿಯ ತಯಾರಿಯಲ್ಲಿ ಇನ್ನೂ ತೊಡಗಿದ್ದಾಗಲೇ ರಸ್ತೆಗಿಳಿದು ಮರುವರ್ಷ ವಿಶ್ವದ ವರ್ಷದ ಕಾರು ಪ್ರಶಸ್ತಿ ಪಡೆಯಿತು. ಹಾಗಿದ್ದೂ ಲೆಕ್ಕ ಕೂಡಿಬರಲಿಲ್ಲ. ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಕಾರು ಮಾರುವ ಬಿಎಂಡಬ್ಲ್ಯುವಿನ 3 ಸರಣಿಗೆ ಎದುರಾಗಿ ಎಕ್ಸ್‌ಇಯನ್ನು ನಿಲ್ಲಿಸಲಾಯಿತು. ಅಲ್ಯೂಮಿನಿಯಂ ದೇಹದ ದುಬಾರಿ ತಯಾರಿಕೆ, ಹೊಸ ಎಂಜಿನ್‌ಗಳ ವೆಚ್ಚ ಇವೆಲ್ಲವನ್ನೂ ಎರಡು ಲಕ್ಷವನ್ನೂ ಮುಟ್ಟದ ಮಾರಾಟದ ಮೇಲೆ ಹಂಚಬೇಕಾಯಿತು. ಆ ಹೊತ್ತಿಗೆ ಗ್ರಾಹಕರು ಸೆಡಾನ್‌ಗಳನ್ನು ಬಿಟ್ಟು ಎತ್ತರದ ಎಸ್‌ಯುವಿಗಳತ್ತ ಹೊರಳಿದ್ದರು, ಡೀಸೆಲ್‌ಗೆ ಯುರೋಪಿನಲ್ಲಿ ಬೇಡಿಕೆ ಕುಸಿದಿತ್ತು, ಚೀನಾದ ಮಾರುಕಟ್ಟೆಯೂ ತಣ್ಣಗಾಯಿತು. 2019ರ ಆರಂಭದಲ್ಲಿ ಜೆಎಲ್‌ಆರ್ ತನ್ನ ಆಸ್ತಿಗಳ ಮೌಲ್ಯವನ್ನು 310 ಕೋಟಿ ಪೌಂಡ್‌ಗಳಷ್ಟು ತಗ್ಗಿಸಿ ಬರೆದುಕೊಂಡಿತು.

ಈ ಸಾಲನ್ನು ಬರೆದು ಮುಗಿಸಿದಾಗ ನನಗೆ ಕಾಣುವುದು ಒಂದೇ ಕಾರಣ. ಕಡಿಮೆ ಸಂಖ್ಯೆಯಲ್ಲಿ ವಿಶೇಷವಾದದ್ದನ್ನು ಕೊಡುವುದಕ್ಕೆ ಹುಟ್ಟಿದ ಬ್ರ್ಯಾಂಡನ್ನು ಇಬ್ಬರು ಒಡೆಯರು ಒಂದಾದಮೇಲೊಂದರಂತೆ ಸಂಖ್ಯೆಯ ಓಟಕ್ಕೆ ಇಳಿಸಿದರು. ಲಾಂಛನದ ವಿವಾದಕ್ಕೆ ಇದರ ಮುಂದೆ ತೂಕ ಕಡಿಮೆ. ನೀವು ಬೇರಾವುದೇ ಬ್ರ್ಯಾಂಡನ್ನು ಪರೀಕ್ಷಿಸುವಾಗಲೂ ಇದೇ ಹಾಳೆಯ ಅಭ್ಯಾಸವನ್ನು ಮಾಡಿ. ಒಡೆಯರ ಬಯಕೆಯೂ ಬ್ರ್ಯಾಂಡಿನ ಸ್ವಭಾವವೂ ಎಲ್ಲಿ ಬೇರೆಯಾದವೋ ಆ ವರ್ಷದ ಕೆಳಗೆ ಗೆರೆ ಎಳೆಯಿರಿ.

ಮಾದರಿಗಳ ವಯಸ್ಸು

ಇದು ಬೇಗ ಮುಗಿಯುವ ಪರೀಕ್ಷೆ, ಆದರೆ ಅಷ್ಟೇ ನಂಬಿಕೆಗೆ ಅರ್ಹವಾದದ್ದು. ಐಷಾರಾಮಿ ಕಾರಿನ ಒಂದು ಪೀಳಿಗೆ ಸಾಮಾನ್ಯವಾಗಿ ಏಳೆಂಟು ವರ್ಷಗಳಲ್ಲಿ ಬದಲಾಗುತ್ತದೆ. ಎಫ್-ಟೈಪ್ 2013ರಿಂದ 2024ರವರೆಗೆ ಒಂದೇ ಪೀಳಿಗೆಯಲ್ಲಿ ಸಾಗಿತು. ಬ್ರ್ಯಾಂಡಿನ ಕಿರೀಟವೆನಿಸಿದ್ದ ಎಕ್ಸ್‌ಜೆಯ ತಯಾರಿಕೆ 2019ರಲ್ಲಿ ನಿಂತಿತು. ಅದರ ಉತ್ತರಾಧಿಕಾರಿಯಾಗಿ ಬಹುಪಾಲು ಸಿದ್ಧವಾಗಿದ್ದ ವಿದ್ಯುತ್ ಎಕ್ಸ್‌ಜೆಯನ್ನು 2021ರ ಫೆಬ್ರವರಿಯಲ್ಲಿ ಆಗಿನ ಮುಖ್ಯಸ್ಥ ಥಿಯರಿ ಬೊಲೊರೆ ರದ್ದು ಮಾಡಿ, 2025ರಿಂದ ಜಾಗ್ವಾರ್ ಪೂರ್ಣ ವಿದ್ಯುತ್ ಬ್ರ್ಯಾಂಡ್ ಆಗಲಿದೆ ಎಂದು ಪ್ರಕಟಿಸಿದರು. ಹಳೆಯ ಮಾದರಿ ನಿಲ್ಲುವ ದಿನಾಂಕ ಗೊತ್ತಿದ್ದು ಹೊಸದು ಬರುವ ದಿನಾಂಕ ಮುಂದೆ ಮುಂದೆ ಹೋಗುತ್ತಿದ್ದರೆ, ಬ್ರ್ಯಾಂಡ್ ತನ್ನ ಡೀಲರುಗಳನ್ನೂ ಮೆಕ್ಯಾನಿಕ್‌ಗಳನ್ನೂ ನಿಷ್ಠಾವಂತ ಗ್ರಾಹಕರನ್ನೂ ಕಳೆದುಕೊಳ್ಳುವ ಕಾಲವದು. ಜಾಗ್ವಾರ್‌ನ ಇಡೀ ಯೋಜನೆಯಲ್ಲಿ ನನ್ನನ್ನು ಹೆಚ್ಚು ಕಳವಳಗೊಳಿಸುವುದು ಈ ಖಾಲಿ ಕಾಲವೇ.

ಮುಂದಿನ ದಿನಗಳಲ್ಲಿ ಏನನ್ನು ಗಮನಿಸುತ್ತಿರಬೇಕು

2024ರ ಡಿಸೆಂಬರ್‌ನಲ್ಲಿ ಮಯಾಮಿಯಲ್ಲಿ ಟೈಪ್ 00 ಎಂಬ ಪರಿಕಲ್ಪನೆಯ ಕಾರನ್ನು ಜಾಗ್ವಾರ್ ತೋರಿಸಿತು. ಅದರ ಜಾಡಿನಲ್ಲಿ ಬರುವ ಮೊದಲ ಕಾರು ಇಂಗ್ಲೆಂಡಿನ ಸಾಲಿಹಲ್‌ನಲ್ಲಿ ತಯಾರಾಗುವ ನಾಲ್ಕು ಬಾಗಿಲಿನ ವಿದ್ಯುತ್ ಜಿಟಿ (ದೂರದ ಪ್ರಯಾಣಕ್ಕೆಂದೇ ಮಾಡಿದ ವೇಗದ ಕಾರು) ಎಂದೂ, ಅದರ ಬೆಲೆ ಒಂದು ಲಕ್ಷ ಪೌಂಡ್‌ಗಿಂತ ಹೆಚ್ಚಿರುತ್ತದೆ ಎಂದೂ ಕಂಪನಿ ಸೂಚಿಸಿದೆ. ಹಳೆಯ ಗ್ರಾಹಕರಲ್ಲಿ ಹೆಚ್ಚಿನವರು ತಮ್ಮೊಂದಿಗೆ ಬರುವುದಿಲ್ಲ ಎಂಬುದನ್ನು ಅದರ ಅಧಿಕಾರಿಗಳೇ ಮರೆಮಾಚದೆ ಹೇಳಿದ್ದಾರೆ. ಸಂಖ್ಯೆಯ ಓಟವನ್ನು ಬಿಟ್ಟು ಕಡಿಮೆ ಕಾರು, ಹೆಚ್ಚು ಬೆಲೆ ಎಂಬ ದಾರಿಗೆ ಮರಳುವುದು ತಾತ್ವಿಕವಾಗಿ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಕಾಲ ಅನುಕೂಲವಾಗಿಲ್ಲ. ಬೆಂಟ್ಲಿ ತಾನು ಸಂಪೂರ್ಣ ವಿದ್ಯುತ್ ಬ್ರ್ಯಾಂಡ್ ಆಗುವ ಗಡುವನ್ನು 2024ರಲ್ಲಿ 2035ಕ್ಕೆ ಮುಂದೂಡಿತು. ಪೋರ್ಷೆ 2025ರ ಸೆಪ್ಟೆಂಬರ್‌ನಲ್ಲಿ ತನ್ನ ಕೆಲವು ವಿದ್ಯುತ್ ಯೋಜನೆಗಳನ್ನು ತಡಮಾಡಿ ಪೆಟ್ರೋಲ್ ಎಂಜಿನ್‌ಗಳ ಆಯುಷ್ಯವನ್ನು ಹೆಚ್ಚಿಸಿತು. ದುಬಾರಿ ವಿದ್ಯುತ್ ಕಾರುಗಳಿಗೆ ಬೇಡಿಕೆ ಎಣಿಸಿದಷ್ಟು ಬೆಳೆಯಲಿಲ್ಲವೆಂಬುದಕ್ಕೆ ಇವು ಸಾಕ್ಷಿ. ಇಂಥ ಮಾರುಕಟ್ಟೆಗೆ ಬೇರಾವ ಮಾದರಿಯ ಆಸರೆಯೂ ಇಲ್ಲದೆ ಜಾಗ್ವಾರ್ ಇಳಿಯಬೇಕಾಗಿದೆ.

ಹೊಸ ಕಾರಿನ ಅನಾವರಣದ ಸಂಭ್ರಮದಿಂದ ಏನನ್ನೂ ತೀರ್ಮಾನಿಸಬೇಡಿ. ಕಾರು ಗ್ರಾಹಕರ ಕೈ ಸೇರಲು ಆರಂಭವಾದ ಮೇಲೆ ಕನಿಷ್ಠ ನಾಲ್ಕು ತ್ರೈಮಾಸಿಕಗಳ ಅಂಕಿಗಳನ್ನು ನೋಡಿ. ಮೊದಲ ಎರಡರಲ್ಲಿ ಅಭಿಮಾನಿಗಳ ಮುಂಗಡ ಬುಕಿಂಗ್‌ಗಳೇ ತುಂಬಿರುತ್ತವೆ. ಎರಡನೆಯ ಮಾದರಿಗೆ ಕಂಪನಿ ನಿಜವಾಗಿ ಹಣ ತೊಡಗಿಸುತ್ತಿದೆಯೇ ಎಂಬುದು ಅದಕ್ಕಿಂತ ದೊಡ್ಡ ಸೂಚನೆ. ಜೊತೆಗೆ ಮಾತೃಸಂಸ್ಥೆಯ ಆರೋಗ್ಯವನ್ನೂ ನೋಡುತ್ತಿರಬೇಕು. 2024-25ರಲ್ಲಿ ಜೆಎಲ್‌ಆರ್‌ನ ತೆರಿಗೆಪೂರ್ವ ಲಾಭ 250 ಕೋಟಿ ಪೌಂಡ್ ಇತ್ತು. ಅದು ಬಹುಮಟ್ಟಿಗೆ ರೇಂಜ್ ರೋವರ್ ಮತ್ತು ಡಿಫೆಂಡರ್‌ಗಳ ಗಳಿಕೆ, ಜಾಗ್ವಾರ್‌ನ ಹೊಸ ಹುಟ್ಟಿಗೆ ಹಣ ಬರುತ್ತಿರುವುದೂ ಅಲ್ಲಿಂದಲೇ. ಆದರೆ 2025ರ ಆಗಸ್ಟ್ ಕೊನೆಯಲ್ಲಿ ನಡೆದ ಸೈಬರ್ ದಾಳಿಯಿಂದ ಜೆಎಲ್‌ಆರ್‌ನ ಕಾರ್ಖಾನೆಗಳು ವಾರಗಟ್ಟಲೆ ನಿಂತುಹೋದವು, ಬ್ರಿಟಿಷ್ ಸರ್ಕಾರ 150 ಕೋಟಿ ಪೌಂಡ್ ಸಾಲಕ್ಕೆ ಖಾತರಿ ನೀಡಬೇಕಾಯಿತು. ಗಳಿಸುವ ಅಣ್ಣನಿಗೆ ಕಷ್ಟ ಬಂದರೆ ಮೊದಲು ಕಡಿತವಾಗುವುದು ಇನ್ನೂ ಗಳಿಸದ ತಮ್ಮನ ಖರ್ಚು. ರೇಂಜ್ ರೋವರ್ ಮಾರಾಟ ಸತತವಾಗಿ ಇಳಿದರೆ ಅದನ್ನು ಜಾಗ್ವಾರ್‌ನ ಸುದ್ದಿಯೆಂದೇ ಓದಿ.

ನಿಮ್ಮ ಕಾರಿನ ಭವಿಷ್ಯವನ್ನು ಅಳೆಯುವುದು

ಇಲ್ಲಿಂದ ಮೂರನೆಯ ಪ್ರಶ್ನೆ. ಇದಕ್ಕೆ ಸ್ವೀಡನ್ನಿನ ಸಾಬ್‌ನ ಅನುಭವ ಒಳ್ಳೆಯ ಪಾಠ. ಟ್ರೋಲ್‌ಹೆಟ್ಟನ್ ಪಟ್ಟಣದ ಆ ಕಂಪನಿ 2010ರಲ್ಲಿ ಜನರಲ್ ಮೋಟರ್ಸ್‌ನಿಂದ ಪುಟ್ಟ ಡಚ್ ಸಂಸ್ಥೆಯಾದ ಸ್ಪೈಕರ್‌ನ ಕೈಗೆ ಹೋಗಿ, 2011ರ ಡಿಸೆಂಬರ್ 19ರಂದು ದಿವಾಳಿಯಾಯಿತು. ಆದರೆ ಅದರ ಬಿಡಿಭಾಗಗಳ ವಿಭಾಗ ದಿವಾಳಿಯಲ್ಲಿ ಕೊಚ್ಚಿಹೋಗಲಿಲ್ಲ. ಸಾಬ್ ಪಡೆದಿದ್ದ ಸಾಲಕ್ಕೆ ಖಾತರಿ ನಿಂತಿದ್ದ ಸ್ವೀಡನ್ ಸರ್ಕಾರದ ಕೈಗೆ ಬಂದ ಆ ವಿಭಾಗ ಓರಿಯೊ ಎಂಬ ಹೆಸರಿನಲ್ಲಿ ಭಾಗಗಳ ಪೂರೈಕೆಯನ್ನು ಮುಂದುವರಿಸಿತು. ಸಾಬ್ ಮಾಲೀಕರು ಕಾರು ಓಡಿಸಿಕೊಂಡು ಹೋಗಲು ಸಾಧ್ಯವಾದದ್ದು ಅದರಿಂದ. ಜಾಗ್ವಾರ್ ಮಾಲೀಕರ ಸ್ಥಿತಿ ಇದಕ್ಕಿಂತ ಬಹಳ ಮೇಲಿದೆ, ಏಕೆಂದರೆ ಮಾತೃಸಂಸ್ಥೆ ನಡೆಯುತ್ತಿದೆ, ಮತ್ತು ಎಂಜಿನ್ನಿನ ಭಾಗಗಳಲ್ಲಿ ಅನೇಕವು ಲ್ಯಾಂಡ್ ರೋವರ್ ಕಾರುಗಳಲ್ಲೂ ಬಳಕೆಯಾಗುತ್ತವೆ.

ಆದ್ದರಿಂದ ಕಾರನ್ನು ಎರಡು ಭಾಗವಾಗಿ ನೋಡುವುದನ್ನು ರೂಢಿಸಿಕೊಳ್ಳಿ: ಇತರ ಕಾರುಗಳೊಂದಿಗೆ ಹಂಚಿಕೊಂಡದ್ದು, ಆ ಮಾದರಿಗೆ ಮಾತ್ರ ಸೇರಿದ್ದು. ಎಫ್-ಪೇಸ್‌ನ ತಳಹದಿಯನ್ನು ರೇಂಜ್ ರೋವರ್ ವೆಲಾರ್ ಹಂಚಿಕೊಂಡಿದೆ. ಜೆಎಲ್‌ಆರ್‌ನದೇ ಆದ ಇಂಜೀನಿಯಂ ಹೆಸರಿನ ಎಂಜಿನ್‌ಗಳು ಇವೋಕ್, ಡಿಸ್ಕವರಿ ಸ್ಪೋರ್ಟ್ ಮುಂತಾದ ಲ್ಯಾಂಡ್ ರೋವರ್ ಕಾರುಗಳಲ್ಲೂ ಇವೆ. ಜೆಡ್‌ಎಫ್ ಕಂಪನಿಯ ಎಂಟು ಹಂತದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಎಂಡಬ್ಲ್ಯು ಸೇರಿದಂತೆ ಹತ್ತಾರು ಕಾರುಗಳಲ್ಲಿದೆ. ಇವುಗಳ ಭಾಗಗಳಿಗೆ ಬಹುಕಾಲ ಕೊರತೆಯಾಗದು. ಹೆಡ್‌ಲ್ಯಾಂಪ್, ಬಂಪರ್, ಬಾಗಿಲು, ಗಾಜು, ಒಳಗಿನ ಫಲಕಗಳು, ಪರದೆಗಳು ಮಾದರಿಗೆ ಮಾತ್ರ ಸೇರಿದವು. ತಯಾರಿಕೆ ನಿಂತ ಮೇಲೆ ಮೊದಲು ದುರ್ಲಭವಾಗುವುದು, ದುಬಾರಿಯಾಗುವುದು ಇವೇ. ಸಣ್ಣ ಅಪಘಾತವೊಂದು ಕಾರಿನ ಆಯುಷ್ಯ ಮುಗಿಸುವುದು ಎಂಜಿನ್ನಿನಿಂದಲ್ಲ, ಸಿಗದ ಹೆಡ್‌ಲ್ಯಾಂಪಿನಿಂದ. ಎಕ್ಸ್‌ಇ, ಎರಡನೆಯ ಪೀಳಿಗೆಯ ಎಕ್ಸ್‌ಎಫ್, ಎಫ್-ಟೈಪ್, ಎಫ್-ಪೇಸ್ ಕಾರುಗಳ ದೇಹ ರಿವೆಟ್ ಮತ್ತು ಅಂಟಿನಿಂದ ಜೋಡಿಸಿದ ಅಲ್ಯೂಮಿನಿಯಂನದು. ಅದನ್ನು ಸರಿಪಡಿಸಲು ಪ್ರತ್ಯೇಕ ಸಲಕರಣೆ ಮತ್ತು ತರಬೇತಿ ಇರುವ ವರ್ಕ್‌ಶಾಪ್ ಬೇಕು. ಅಂಥದ್ದು ನಿಮ್ಮ ಕೈಗೆಟಕುವ ದೂರದಲ್ಲಿ ಇದೆಯೇ ಎಂಬುದನ್ನು ಕಾರು ನೋಡುವುದಕ್ಕೆ ಮೊದಲೇ ವಿಚಾರಿಸಿ.

ಎಂಜಿನ್‌ಗಳ ವಿಷಯದಲ್ಲಿ ಪೂರ್ವಸಿದ್ಧತೆ ಇಲ್ಲದೆ ಹೋಗಬೇಡಿ. 2.0 ಲೀಟರ್ ಇಂಜೀನಿಯಂ ಡೀಸೆಲ್‌ನಲ್ಲಿ ಕವಾಟಗಳನ್ನು ಸರಿಯಾದ ಹೊತ್ತಿಗೆ ತೆರೆಯಿಸುವ ಟೈಮಿಂಗ್ ಚೈನ್ ಸವೆಯುವ ದೂರು ಪರಿಚಿತ. ಚೈನ್ ಗೇರ್‌ಬಾಕ್ಸ್‌ನ ಕಡೆಗೆ ಇರುವುದರಿಂದ ಅದನ್ನು ಬದಲಿಸುವ ಕೂಲಿಯೇ ಬಹಳವಾಗುತ್ತದೆ. ಸಣ್ಣ ದೂರಗಳನ್ನಷ್ಟೇ ಓಡಿಸಿದ ಕಾರಿನಲ್ಲಿ ಹೊಗೆ ಶೋಧಕವನ್ನು ಸ್ವಚ್ಛಗೊಳಿಸುವ ದಹನ ಅರ್ಧಕ್ಕೆ ನಿಂತು, ಸುಡದೆ ಉಳಿದ ಡೀಸೆಲ್ ಹೋಗಿ ಎಂಜಿನ್ ಆಯಿಲ್‌ಗೆ ಸೇರುತ್ತದೆ, ತೆಳುವಾದ ಆಯಿಲ್ ಚೈನಿನ ಸವೆತವನ್ನು ಹೆಚ್ಚಿಸುತ್ತದೆ. ಬ್ರಿಟನ್ನಿನಲ್ಲಿ ಈ ಎಂಜಿನ್ನಿನ ಅಧಿಕೃತ ಸರ್ವಿಸ್ ಅವಧಿ 21,000 ಮೈಲಿ ಅಥವಾ ಎರಡು ವರ್ಷದವರೆಗೂ ಇತ್ತು. ನನ್ನ ಸಲಹೆ ವರ್ಷಕ್ಕೊಮ್ಮೆ, ಇಲ್ಲವೇ 10,000 ಮೈಲಿಗೊಮ್ಮೆ ಆಯಿಲ್ ಬದಲಿಸುವುದು. ಹಾಗೆ ಬದಲಿಸಿದ ರಸೀದಿಗಳಿರುವ ಕಾರಿಗೆ ತುಸು ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ. 3.0 ಲೀಟರ್ ಸೂಪರ್‌ಚಾರ್ಜ್ಡ್ ವಿ6 ಮತ್ತು 5.0 ಲೀಟರ್ ವಿ8 ಎಂಜಿನ್‌ಗಳಲ್ಲಿ ಎಂಜಿನ್ ತಣಿಸುವ ದ್ರವ (ಕೂಲಂಟ್) ಹರಿಯುವ ಪ್ಲಾಸ್ಟಿಕ್ ಕೊಳವೆಗಳು ವಯಸ್ಸಾದಂತೆ ಬಿರುಕು ಬಿಡುತ್ತವೆ. ಅವು ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಸೂಪರ್‌ಚಾರ್ಜರ್‌ನ ಕೆಳಗೂ ಅಡಗಿರುವುದರಿಂದ ಸೋರಿಕೆ ಬೇಗ ಕಾಣದೆ, ಎಂಜಿನ್ ಕಾದು ಹಾಳಾದ ಮೇಲೆ ಗೊತ್ತಾಗುವ ಅಪಾಯವಿದೆ. ಇವನ್ನು ಬದಲಿಸಲಾಗಿದೆಯೇ ಎಂದು ಕೇಳಿ. ಇಲ್ಲವಾದರೆ ಆ ಖರ್ಚನ್ನು ಬೆಲೆಯಿಂದ ಕಳೆಯಿರಿ. 1996ರಿಂದ ಬಂದ ಮೊದಲ ಎಕ್ಸ್‌ಕೆ8, ಎಕ್ಸ್‌ಜೆ8 ಕಾರುಗಳ ವಿ8ನಲ್ಲಿ ಸಿಲಿಂಡರ್ ಗೋಡೆಯ ನಿಕಸಿಲ್ ಲೇಪನ ಮತ್ತು ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಪ್ಲಾಸ್ಟಿಕ್ ಟೆನ್ಷನರ್ ಎರಡೂ ತೊಂದರೆ ಕೊಟ್ಟಿವೆ. ಟೆನ್ಷನರ್ ಬದಲಾದ ದಾಖಲೆ ಇಲ್ಲದ ಕಾರನ್ನು ಬಿಟ್ಟುಬಿಡುವುದೇ ಮೇಲು. ಗೇರ್‌ಬಾಕ್ಸ್ ಆಯಿಲ್ ಜೀವನಪೂರ್ತಿ ಸಾಕೆಂಬ ಮಾತನ್ನು ಒಪ್ಪಬೇಡಿ, ಅದನ್ನು ತಯಾರಿಸಿದ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ನಡುವೆ ಬದಲಿಸಲು ಹೇಳುತ್ತದೆ.

ಐ-ಪೇಸ್‌ಗೆ ಪ್ರತ್ಯೇಕ ಎಚ್ಚರಿಕೆ ಬೇಕು. ಓಡಿಸಲು ಅದು ಇಂದಿಗೂ ಸೊಗಸಾದ ಕಾರು. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಮಾಗ್ನಾ ಕಂಪನಿ ಜಾಗ್ವಾರ್‌ಗಾಗಿ ತಯಾರಿಸುತ್ತಿದ್ದ ಅದರ ತಳಹದಿಯನ್ನು ಬೇರಾವ ಕಾರೂ ಹಂಚಿಕೊಂಡಿಲ್ಲ, ಹಾಗಾಗಿ ಮೇಲೆ ಹೇಳಿದ ಲ್ಯಾಂಡ್ ರೋವರ್ ಆಸರೆ ಇದಕ್ಕಿಲ್ಲ. ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯದ ಕಾರಣ ಒಂದಕ್ಕಿಂತ ಹೆಚ್ಚು ಬಾರಿ ರೀಕಾಲ್‌ಗಳಾದವು, ಅಂದರೆ ದೋಷ ಸರಿಪಡಿಸಲು ಕಂಪನಿ ಕಾರುಗಳನ್ನು ಹಿಂದಕ್ಕೆ ಕರೆಯಿತು. 2024ರಲ್ಲಿ ಅಮೆರಿಕದಲ್ಲಿ 2019ರ ಮಾದರಿಯ ಕಾರುಗಳನ್ನು ಮಾಲೀಕರಿಂದ ಕಂಪನಿಯೇ ಮರಳಿ ಕೊಳ್ಳಲು ಮುಂದಾಯಿತು. ಬ್ಯಾಟರಿಗೆ 8 ವರ್ಷ ಅಥವಾ 1,00,000 ಮೈಲಿಗಳ ವಾರಂಟಿ ಇತ್ತಾದ್ದರಿಂದ ಮೊದಲ ವರ್ಷದ ಕಾರುಗಳ ವಾರಂಟಿ 2026ರಿಂದ ಮುಗಿಯುತ್ತ ಬರುತ್ತದೆ. ಬೆಲೆ ಎಷ್ಟೇ ಇಳಿದಿದ್ದರೂ ವಾರಂಟಿ ಎರಡು ವರ್ಷವಾದರೂ ಉಳಿದಿರದ, ರೀಕಾಲ್ ಕೆಲಸ ಪೂರ್ಣವಾದ ದಾಖಲೆ ಇಲ್ಲದ ಐ-ಪೇಸನ್ನು ಕೊಳ್ಳಲು ನಾನು ಯಾರಿಗೂ ಹೇಳಲಾರೆ.

ದಾಖಲೆ ಪರಿಶೀಲನೆಯನ್ನು ಮಾರುವವರ ಮಾತಿಗೆ ಬಿಡಬೇಡಿ. ಬ್ರಿಟನ್ನಿನಲ್ಲಿ ಪ್ರತಿ ಕಾರಿನ ಎಂಒಟಿ ಎಂಬ ವಾರ್ಷಿಕ ಕಡ್ಡಾಯ ತಪಾಸಣೆಯ ಇತಿಹಾಸ ಸರ್ಕಾರದ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಪ್ರತಿ ವರ್ಷದ ಮೈಲಿ ಲೆಕ್ಕ, ಕಂಡುಬಂದ ದೋಷಗಳು ಅದರಲ್ಲಿರುತ್ತವೆ. ಬಾಕಿ ಇರುವ ರೀಕಾಲ್‌ಗಳನ್ನೂ ನೋಂದಣಿ ಸಂಖ್ಯೆಯಿಂದ ತಿಳಿಯಬಹುದು. ಅಲ್ಲಿ ಡೀಲರಿನಿಂದ ಕೊಂಡ ಕಾರಿನಲ್ಲಿ ದೋಷ ಕಂಡುಬಂದರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ 30 ದಿನಗಳೊಳಗೆ ಹಿಂದಿರುಗಿಸಿ ಹಣ ಪಡೆಯುವ ಹಕ್ಕಿದೆ; ಖಾಸಗಿ ವ್ಯಕ್ತಿಯಿಂದ ಕೊಂಡರೆ ಈ ರಕ್ಷಣೆ ಇಲ್ಲ. ಹಳೆಯ ಜಾಗ್ವಾರ್‌ಗಳ ಮಟ್ಟಿಗೆ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕಾರ್ಖಾನೆಯ ಮೂಲ ದಾಖಲೆಯ ಆಧಾರದ ಮೇಲೆ ಪ್ರಮಾಣಪತ್ರ ಕೊಡುತ್ತದೆ. ಎಂಜಿನ್ ಸಂಖ್ಯೆ, ಮೂಲ ಬಣ್ಣ, ತಯಾರಾದ ದಿನಾಂಕ ಎಲ್ಲವೂ ಅದರಲ್ಲಿ ಬರುತ್ತವೆ. ಎಕ್ಸ್‌ಕೆ ಅಥವಾ ಇ-ಟೈಪ್‌ನಂಥ ಕಾರಿಗೆ ದೊಡ್ಡ ಮೊತ್ತ ತೆರುವ ಮುನ್ನ ಆ ಪತ್ರವನ್ನು ಕಾರಿನ ಮೇಲಿನ ಸಂಖ್ಯೆಗಳೊಂದಿಗೆ ಹೋಲಿಸಲೇಬೇಕು. ಇಂಥ ಅಭಿಜಾತ ಕಾರುಗಳ ಭವಿಷ್ಯಕ್ಕೂ ಹೊಸ ಬ್ರ್ಯಾಂಡಿನ ಭವಿಷ್ಯಕ್ಕೂ ಸಂಬಂಧ ಬಹಳ ಕಡಿಮೆ; ಅವುಗಳ ಭಾಗಗಳನ್ನು ಸ್ವತಂತ್ರ ತಯಾರಕರು ದಶಕಗಳಿಂದ ಒದಗಿಸುತ್ತಿದ್ದಾರೆ, ಕ್ಲಬ್‌ಗಳು ಗಟ್ಟಿಯಾಗಿವೆ. ನಡುವಿನ ಪೀಳಿಗೆಯ ಕಾರುಗಳೇ, ಅಂದರೆ ಪುರಾತನವೆನಿಸುವಷ್ಟು ಹಳೆಯದಾಗದ, ವಾರಂಟಿ ಇರುವಷ್ಟು ಹೊಸದೂ ಅಲ್ಲದ 2009ರಿಂದ 2020ರವರೆಗಿನವೇ, ಹೆಚ್ಚು ಅಪಾಯದಲ್ಲಿರುವುದು.

ಈಗಾಗಲೇ ಅಂಥ ಕಾರು ನಿಮ್ಮಲ್ಲಿದ್ದರೆ, ಬಿಡಿಭಾಗಗಳು ಸುಲಭವಾಗಿ ಸಿಗುತ್ತಿರುವ ಈಗಲೇ ಆ ಮಾದರಿಗೆ ಮಾತ್ರ ಸೇರಿದ ಕೆಲವನ್ನು ಕೊಂಡಿಟ್ಟುಕೊಳ್ಳಿ: ಎರಡೂ ಬದಿಯ ಹೆಡ್‌ಲ್ಯಾಂಪ್, ಹಿಂದಿನ ದೀಪಗಳು, ಹೊರಗಿನ ಕನ್ನಡಿ, ಎರಡನೆಯ ಕೀಲಿ. ಅಧಿಕೃತ ಡೀಲರ್‌ನ ಹೊರತಾಗಿ ಜಾಗ್ವಾರ್ ಬಲ್ಲ ಸ್ವತಂತ್ರ ಮೆಕ್ಯಾನಿಕ್ ಒಬ್ಬರ ಪರಿಚಯ ಮಾಡಿಕೊಂಡು, ಕಂಪನಿಯ ಸಾಫ್ಟ್‌ವೇರ್ ಬಳಸುವ ಸಲಕರಣೆ ಅವರ ಬಳಿ ಇದೆಯೇ ಎಂದು ಕೇಳಿ. ಕೀಲಿ ಜೋಡಿಸುವುದರಿಂದ ಹಿಡಿದು ಕೆಲವು ಬಿಡಿಭಾಗಗಳನ್ನು ಕಾರಿಗೆ ಪರಿಚಯಿಸುವವರೆಗೆ ಅದು ಬೇಕಾಗುತ್ತದೆ. ವಿಮೆಯ ನವೀಕರಣದ ಸಮಯದಲ್ಲಿ ಕಾರಿನ ಮೌಲ್ಯ ಎಷ್ಟೆಂದು ನಮೂದಾಗಿದೆ ಎಂಬುದನ್ನು ಓದಿ. ಮಾರುಕಟ್ಟೆ ಬೆಲೆ ಕುಸಿದಷ್ಟೂ ಸಾಧಾರಣ ಅಪಘಾತಕ್ಕೇ ವಿಮಾ ಕಂಪನಿ ಕಾರನ್ನು ಪೂರ್ಣ ನಷ್ಟವೆಂದು ಘೋಷಿಸುವ ಸಾಧ್ಯತೆ ಹೆಚ್ಚುತ್ತದೆ.

ಯಾವಾಗ ಮಾರಬೇಕೆಂಬ ನಿರ್ಧಾರವನ್ನು ಸುದ್ದಿಯ ಶೀರ್ಷಿಕೆಗಳು ಮಾಡದಂತೆ ಮುಂಚೆಯೇ ಷರತ್ತುಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ನಿಮ್ಮ ಮಾದರಿಯ ಹೆಡ್‌ಲ್ಯಾಂಪ್, ಮುಂಬದಿಯ ಗಾಜು, ಎಂಜಿನ್ ನಿಯಂತ್ರಣ ಘಟಕ ಈ ಮೂರರ ಬೆಲೆ ಮತ್ತು ಲಭ್ಯತೆಯನ್ನು ಆರು ತಿಂಗಳಿಗೊಮ್ಮೆ ಬಿಡಿಭಾಗಗಳ ಕೌಂಟರಿನಲ್ಲಿ ವಿಚಾರಿಸಿ, ದಿನಾಂಕ ಹಾಕಿ ಗುರುತಿಟ್ಟುಕೊಳ್ಳಿ. ಒಂದು ಭಾಗಕ್ಕೆ ಕಾಯುವ ಅವಧಿ ವಾರಗಳಿಂದ ತಿಂಗಳುಗಳಿಗೆ ಬೆಳೆದರೆ ಇನ್ನೊಂದು ಜೊತೆಯನ್ನು ಕೊಂಡಿಡಿ. ಮೂರರಲ್ಲಿ ಎರಡಕ್ಕೆ ತಯಾರಿಕೆ ನಿಂತಿದೆ ಎಂಬ ಉತ್ತರ ಬಂದರೆ, ಅಥವಾ ನಿಮಗೆ ಹತ್ತಿರವಿರುವ ಅಲ್ಯೂಮಿನಿಯಂ ದುರಸ್ತಿಯ ವರ್ಕ್‌ಶಾಪ್ ಜಾಗ್ವಾರ್ ಕೆಲಸ ಬಿಟ್ಟರೆ, ದಿನಬಳಕೆಗೆ ಆ ಕಾರನ್ನು ನಂಬಿರುವವರು ಮಾರುವುದೇ ಸರಿ. ವಾರಕ್ಕೊಮ್ಮೆ ಪ್ರೀತಿಯಿಂದ ಓಡಿಸುವವರು ಅದೇ ಹೊತ್ತಿನಲ್ಲಿ ಅದೇ ಮಾದರಿಯ, ಓಡದ ಸ್ಥಿತಿಯಲ್ಲಿರುವ ಇನ್ನೊಂದು ಕಾರನ್ನು ಬಿಡಿಭಾಗಗಳಿಗಾಗಿ ಹುಡುಕಲು ಆರಂಭಿಸಬಹುದು.